ದಾರ ಕಟ್ಟಿದ ಪುಸ್ತಕ

ಹನ್ನೊಂದನೆಯ ದಿನವೂ ಒಂದೇ ಒಂದು ಬೀಜ ಮೊಳೆಯಲಿಲ್ಲ. ಪ್ರಯೋಗಾಲಯದ ಉದ್ದನೆಯ ಮೇಜಿನ ಮೇಲೆ ಇಪ್ಪತ್ತನಾಲ್ಕು ಗಾಜಿನ ತಟ್ಟೆಗಳು ಸಾಲಾಗಿದ್ದವು. ಒಂದೊಂದರಲ್ಲೂ ಒದ್ದೆ ಕಾಗದ, ಕಾಗದದ ಮೇಲೆ ಐವತ್ತು ಬೀಜ. ಇಟ್ಟ ದಿನ ಹೇಗಿದ್ದವೋ ಹಾಗೇ ಬಿದ್ದಿದ್ದವು, ಕೆಲವಕ್ಕೆ ಮಾತ್ರ ಬೂಷ್ಟು ಹಿಡಿದಿತ್ತು. ಸಂಶೋಧನಾ ವಿದ್ಯಾರ್ಥಿನಿ ಕೊನೆಯ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ತನ್ನ ಪಟ್ಟಿಯಲ್ಲಿ ಸೊನ್ನೆ ಬರೆದು, ಪೆನ್ನಿಗೆ ಮುಚ್ಚಳ ಹಾಕಿದಳು.

"ಕಾಗದ ಜಾಸ್ತಿ ಒದ್ದೆ ಮಾಡಿಬಿಟ್ನೇನೋ ಮೇಡಂ," ಎಂದಳು.

ಆ ಹುಡುಗಿಗೆ ವಿಭಾಗದಲ್ಲಿ ಎಲ್ಲರೂ ಇಟ್ಟ ಹೆಸರು ಲಕೋಟೆ. ಸೇರಿದ ದಿನದಿಂದ ಅವಳ ಕೈ ಖಾಲಿ ಇದ್ದುದನ್ನು ಯಾರೂ ಕಂಡಿಲ್ಲ. ಸಭೆಯಲ್ಲಿ ಕೂತರೂ, ಬಸ್ಸಿಗೆ ಕಾದರೂ, ಕಂದು ಕಾಗದ ಮಡಚಿ ಬೀಜ ತುಂಬುವ ಲಕೋಟೆ ಮಾಡುತ್ತಲೇ ಇರುತ್ತಿದ್ದಳು. ಕೊರಳಲ್ಲಿ ಒಂದು ಸ್ಟಾಪ್‌ವಾಚು, ಬೀಜ ನೆನೆಹಾಕಿದ ಹೊತ್ತು ಅಳೆಯಲು. ವಯಸ್ಸು ಮೂವತ್ತೊಂದು, ಮನೆಯಲ್ಲಿ ಐದು ವರ್ಷದ ಮಗಳು. ದೂರದ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು ರಜೆ ಹಾಕಿ ಬಂದಿದ್ದಳು. ಇನ್ನು ಆರು ತಿಂಗಳಲ್ಲಿ ಡಾಕ್ಟರೇಟು ಕೈಗೆ ಬಂದರೆ ಆ ಕೆಲಸ ಖಾಯಂ, ಬರದಿದ್ದರೆ ಕೆಲಸವೂ ಇಲ್ಲ, ಪದವಿಯೂ ಇಲ್ಲ. ನಾಲ್ಕು ವರ್ಷ ಬೆಟ್ಟ ಗುಡ್ಡ ಹತ್ತಿ ಇಳಿದು, ಮನುಷ್ಯರು ಬೇಸಾಯಕ್ಕೆ ತರದೇ ಬಿಟ್ಟ ಒಂದು ಕಾಡು ಬೇಳೆಯ ಬೀಜವನ್ನು ಇನ್ನೂರಹನ್ನೆರಡು ಕಡೆಗಳಿಂದ ಕೂಡಿಸಿದ್ದಳು. ಅದರಲ್ಲಿ ಮೂವತ್ತೊಂದು ಲಕೋಟೆ ಬಂದ ಬೆಟ್ಟ ಈಗ ಇಲ್ಲ. ಕಲ್ಲು ಒಡೆಯುವವರು ಅದನ್ನು ಸಿಡಿಸಿ, ಪುಡಿ ಮಾಡಿ, ಲಾರಿಗೆ ತುಂಬಿ ಸಾಗಿಸಿ ಆಗಿತ್ತು.

"ಕಾಗದ ಒದ್ದೆ ಆದ್ರೆ ಹತ್ತು ಬೀಜ ಸಾಯುತ್ತೆ, ಇಪ್ಪತ್ತು ಸಾಯುತ್ತೆ. ಸಾವಿರದ ಇನ್ನೂರರಲ್ಲಿ ಒಂದೂ ಹುಟ್ಟದೇ ಇರಲ್ಲ," ಎಂದಳು ಗುಡುಗಮ್ಮ.

ಗುಡುಗಮ್ಮ ಎಂದರೆ ಲಕೋಟೆಯ ಮಾರ್ಗದರ್ಶಿ, ಬೀಜಶಾಸ್ತ್ರದ ಮೇಡಂ. ಹೆಸರು ಇಟ್ಟವರು ವಿದ್ಯಾರ್ಥಿಗಳು, ಒಪ್ಪಿದವರು ಎಲ್ಲರೂ. ಕೋಪ ಬಂದರೆ ಅವಳ ದನಿ ಕಾರಿಡಾರಿನ ಆ ತುದಿಯ ಲೈಬ್ರರಿಯವರೆಗೆ ಕೇಳುತ್ತಿತ್ತು. ಈ ಹೆಸರು ಅವಳಿಗೂ ಗೊತ್ತಿತ್ತು. ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು, ಕೋಪವಾದರೂ ನ್ಯಾಯದ ಕೋಪ ಎಂದು. ಅವಳು ಹುಡುಗಿಯ ಮುಖ ನೋಡಿದಳು. ಲಕೋಟೆ ಅಳುತ್ತಿರಲಿಲ್ಲ. ತನ್ನದೇ ತಪ್ಪನ್ನು ಹುಡುಕುತ್ತಿದ್ದಳು, ಅದನ್ನು ನೋಡುವುದು ಇನ್ನೂ ಕಷ್ಟವಾಗಿತ್ತು.

ಗುಡುಗಮ್ಮ ನೇರ ಕೋಲ್ಡ್ ರೂಮಿಗೆ ನಡೆದಳು. ಇಡೀ ವಿಭಾಗದ ಬೀಜಗಳೆಲ್ಲ ಇರುವುದು ನೆಲಮಾಳಿಗೆಯ ಆ ಒಂದೇ ಕೋಣೆಯಲ್ಲಿ. ದಪ್ಪ ಬಾಗಿಲ ಪಕ್ಕ ಕೆಂಪು ಅಂಕಿ ಐದು ಡಿಗ್ರಿ ಎಂದು ತೋರಿಸುತ್ತಿತ್ತು, ಯಾವಾಗಲೂ ತೋರಿಸುವ ಹಾಗೆ. ಒಳಗೆ ಅಟೆಂಡರ್ ಅಣ್ಣ ನೆಲ ಒರೆಸುತ್ತಿದ್ದ. ಇಪ್ಪತ್ತಾರು ವರ್ಷ ಈ ಕೋಣೆಯನ್ನು ನೋಡಿಕೊಂಡವನು. ನಡುವೆ ಎರಡು ವರ್ಷ ಅವನನ್ನು ಪರೀಕ್ಷಾ ವಿಭಾಗಕ್ಕೆ ಎತ್ತಿಹಾಕಿದ್ದರು, ಮರಳಿ ಬಂದು ಒಂದು ತಿಂಗಳೂ ಆಗಿರಲಿಲ್ಲ.

ಹುಡುಗಿಯ ಬೀಜ ಎಲ್ಲಿಟ್ಟಿದ್ದು ಎಂದು ಅವನು ಕೇಳಿದ. ಇನ್ನೂರಹನ್ನೆರಡೂ ಹಿಂದಿನ ಬಲಗಡೆ ಕಪಾಟಿನಲ್ಲಿ ಎಂದಳು. ಅಟೆಂಡರ್ ಅಣ್ಣ ನೆಲ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ನಿಂತುಬಿಟ್ಟ.

"ಅಲ್ಲಿ ಯಾಕಿಟ್ರಿ ಮೇಡಂ?"

ಬೆಳಗಿನ ಜಾವ ಯಂತ್ರ ತನ್ನ ಮೇಲೆ ಕಟ್ಟಿದ ಮಂಜನ್ನು ಕರಗಿಸಿಕೊಳ್ಳಲು ತಾನೇ ನಿಂತು, ಒಂದು ಗಂಟೆ ಬಿಸಿಯಾಗುತ್ತದೆ, ಆ ಬಿಸಿ ಗಾಳಿಯೂ ತೇವವೂ ನೇರ ಆ ಕಪಾಟಿಗೇ ಹೋಗುತ್ತವೆ ಎಂದು ಅವನು ವಿವರಿಸಿದ. ಅಂಕಿ ತೋರಿಸುವ ತಂತಿ ಇರುವುದು ಬಾಗಿಲ ಹತ್ತಿರ, ಅದಕ್ಕೆ ಏನೂ ಗೊತ್ತಾಗುವುದಿಲ್ಲ. ಗುಡುಗಮ್ಮ ಕಪಾಟಿನ ತಳಕ್ಕೆ ಕೈ ಹಾಕಿದಳು. ಬೆರಳು ಒದ್ದೆಯಾಯಿತು. ಎರಡು ವರ್ಷ, ದಿನಕ್ಕೆ ಒಂದು ಗಂಟೆ, ಕಾಗದದ ಲಕೋಟೆ. ಬೀಜಶಾಸ್ತ್ರದ ಮೊದಲ ಪಾಠದಲ್ಲಿ ಅವಳೇ ಹೇಳಿಕೊಡುತ್ತಿದ್ದ ವಿಷಯ ಅದು, ಬಿಸಿ ಮತ್ತು ತೇವ ಸೇರಿದರೆ ಬೀಜ ಸಾಯುತ್ತದೆ ಎಂದು.

ಇದು ನಿನಗೆ ಹೇಗೆ ಗೊತ್ತು ಎಂದು ಕೇಳಿದಳು. ಅದೇ ವಿಭಾಗದಲ್ಲಿ ಪಾಠ ಹೇಳುವ ತಂಗಾಳಿ ಮೇಷ್ಟ್ರು ಕಂಡುಹಿಡಿದರು ಎಂದ. ತನ್ನನ್ನು ವರ್ಗ ಮಾಡುವ ಮುಂಚಿನ ವಾರ ಅವರು ಆ ಕಪಾಟಿನಲ್ಲಿ ಒಂದು ಥರ್ಮಾಮೀಟರ್ ಇಟ್ಟು ಬರೆದುಕೊಂಡರು, ಆಮೇಲೆ ತಮ್ಮ ಡಬ್ಬಿಗಳನ್ನೆಲ್ಲ ಮುಂದಿನ ಎಡಗಡೆಗೆ ಸಾಗಿಸಿದರು, ತಾನೇ ಹೊತ್ತುಕೊಟ್ಟೆ ಎಂದ.

"ನಿಮಗೆಲ್ಲ ಹೇಳಿರ್ತಾರೆ ಅಂದ್ಕೊಂಡೆ," ಎಂದ. "ಪುಸ್ತಕ ಇದ್ದಿದ್ರೆ ನಾನೇ ಬರೀತಿದ್ದೆ."

ಗುಡುಗಮ್ಮನ ಮೈಯೆಲ್ಲ ಉರಿಯಿತು. ಆ ಕಪಾಟು ಖಾಲಿಯಾದ ವಾರವೇ, ಅಯ್ಯೋ ಅದೃಷ್ಟ ನೋಡು, ಒಳ್ಳೆ ಜಾಗ ಸಿಕ್ಕಿತು, ಅಲ್ಲೇ ಇಟ್ಟುಬಿಡು ಎಂದು ಲಕೋಟೆಗೆ ಹೇಳಿದವಳು ಅವಳೇ.

ಪುಸ್ತಕ ಎಂದು ಅಟೆಂಡರ್ ಅಣ್ಣ ಹೇಳಿದ್ದು ಏನೆಂದು ಇಲ್ಲಿ ಹೇಳಬೇಕು. ಹೇಳಹೊರಟರೆ ಸಿಟ್ಟು ಬರುತ್ತದೆ, ಆದರೂ ಹೇಳಬೇಕು. ಕೋಲ್ಡ್ ರೂಮಿನ ಬಾಗಿಲಿಗೆ ಮೊದಲು ಒಂದು ಉದ್ದನೆಯ ಪುಸ್ತಕವನ್ನು ದಾರ ಕಟ್ಟಿ ನೇತುಹಾಕಿದ್ದರು, ಪಕ್ಕದಲ್ಲಿ ಒಂದು ಪೆನ್ಸಿಲ್. ಒಳಗೆ ಹೋದವರ ಕಣ್ಣಿಗೆ ಏನು ಬಿದ್ದರೂ ಅದರಲ್ಲಿ ಬರೆಯಬೇಕು. ಮೂರನೆಯ ಡಬ್ಬಿಗೆ ಇರುವೆ ಬಂದಿದೆ. ತಕ್ಕಡಿ ಸ್ವಲ್ಪ ಜಾಸ್ತಿ ತೋರಿಸುತ್ತಿದೆ. ನಾನು ಹೀಗೆ ಮಾಡಲು ಹೋಗಿ ಕೆಡಿಸಿಕೊಂಡೆ, ನೀವು ಮಾಡಬೇಡಿ. ಆಮೇಲೆ ಬಂದವರು ಅದನ್ನು ಓದಿ ಪಕ್ಕದಲ್ಲಿ ತಮ್ಮ ಹೆಸರಿನ ಮೊದಲ ಅಕ್ಷರ ಬರೆಯಬೇಕು. ಬರೆಯದೆ ಒಳಗೆ ಕಾಲಿಟ್ಟರೆ ಅಟೆಂಡರ್ ಅಣ್ಣ ಪ್ರಾಧ್ಯಾಪಕರನ್ನೂ ಬಿಡುತ್ತಿರಲಿಲ್ಲ. ಇಡೀ ವಿಭಾಗದ ಬುದ್ಧಿ ಆ ಪುಸ್ತಕದಲ್ಲಿತ್ತು, ಅದಕ್ಕೆ ಯಾರೂ ಯಾರಿಗೂ ಏನೂ ಕೊಡುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಮೇಲಿನವರಿಗೆ ಒಂದು ಜ್ಞಾನೋದಯವಾಯಿತು. ಅಧ್ಯಾಪಕರು ತಿಳಿದದ್ದನ್ನು ಹಂಚಿಕೊಳ್ಳುತ್ತಿಲ್ಲ, ಪ್ರೋತ್ಸಾಹ ಬೇಕು ಎಂದರು. ಹಂಚಿಕೆ ಪುಟ ಎಂಬ ಒಂದು ಜಾಲತಾಣ ಬಂತು. ಒಂದು ಸಂಗತಿಯನ್ನು ಅದರಲ್ಲಿ ಹಾಕಿದರೆ ಎರಡು ಅಂಕ. ಹಾಕಿದ್ದನ್ನು ಸಹೋದ್ಯೋಗಿಯೊಬ್ಬರು ಓದಿ ಒಪ್ಪಿಗೆ ಕೊಡಬೇಕು, ಅವರಿಗೆ ಅರ್ಧ ಅಂಕ. ವರ್ಷಕ್ಕೆ ಅತಿ ಹೆಚ್ಚು ಅಂಕ ಪಡೆದವರಿಗೆ ಬಡ್ತಿಯ ಸಂದರ್ಶನಕ್ಕೆ ಕರೆ, ಮೇಲಂತಸ್ತಿನ ಹೊಸ ಪ್ರಯೋಗಾಲಯ. ಇಷ್ಟೇ ಆಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಜೊತೆಗೆ ಒಂದು ನಿಯಮ ಹಾಕಿದರು: ಸಹೋದ್ಯೋಗಿಗಳಿಗೆ ಈಗಾಗಲೇ ತಿಳಿದಿರುವ ಸಂಗತಿಗೆ ಅಂಕವಿಲ್ಲ.

ಅವತ್ತಿಗೆ ಎಲ್ಲರ ಬಾಯಿಗೆ ಬೀಗ ಬಿತ್ತು. ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ ಮೊದಲು ಯಾರು ಯಾರ ಮಾತನ್ನು ಕತ್ತರಿಸಿ ಮಾತಾಡಬೇಕು ಎಂದು ಜಗಳವಾಗುತ್ತಿತ್ತು. ಈಗ ಎಲ್ಲರೂ ಹವಾಮಾನದ ಬಗ್ಗೆ, ಮಂಡಿನೋವಿನ ಬಗ್ಗೆ ಮಾತಾಡತೊಡಗಿದರು. ಬಾಯಿ ತಪ್ಪಿ ಏನಾದರೂ ಹೇಳಿಬಿಟ್ಟರೆ ಅದು ತಿಳಿದ ಸಂಗತಿಯಾಗಿಬಿಡುತ್ತಿತ್ತಲ್ಲ. ಬಾಗಿಲಿನ ಪುಸ್ತಕವನ್ನು ವಿಭಾಗದ ಮುಖ್ಯಸ್ಥರೇ ಬಿಚ್ಚಿಸಿದರು, ಅದರಲ್ಲಿ ಬರೆದದ್ದೆಲ್ಲ ಪುಕ್ಕಟೆ ಸೋರಿಹೋಗುತ್ತದೆ ಎಂದು. ಅಟೆಂಡರುಗಳಿಗೆ ಜಾಲತಾಣದೊಳಗೆ ಪ್ರವೇಶವೇ ಇರಲಿಲ್ಲ.

ಹಂಚಿಕೆ ಪುಟ ಮಾತ್ರ ದಿನೇ ದಿನೇ ಉಬ್ಬಿತು. ಕೈ ತೊಳೆಯುವ ವಿಧಾನ ಆರು ಭಾಗಗಳಲ್ಲಿ ಬಂತು. ಒಬ್ಬರು ಮುಚ್ಚಳ ತೆಗೆಯುವುದನ್ನು ಒಂದು ಸಂಗತಿಯಾಗಿ, ಮುಚ್ಚಳ ಹಾಕುವುದನ್ನು ಇನ್ನೊಂದಾಗಿ ಹಾಕಿದರು. ಅದನ್ನೆಲ್ಲ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ ಗುಡುಗಮ್ಮ ಬೀಜ ಎಣಿಸುವ ಕ್ರಮವನ್ನು ನಾಲ್ಕು ಭಾಗ ಮಾಡಿ ಹಾಕಿದಳು. ಹನ್ನೊಂದು ವರ್ಷದಿಂದ ಬಡ್ತಿಯಿಲ್ಲದೆ ಅದೇ ಕುರ್ಚಿಯಲ್ಲಿ ಕೂತವಳು, ಅವಳಿಗಿಂತ ಕಿರಿಯರು ಪ್ರಾಧ್ಯಾಪಕರಾಗಿ ತಲೆ ಮೇಲೆ ಬಂದು ಕೂತಿದ್ದರು. ಹೋದ ವರ್ಷ ಆರು ಅಂಕದಲ್ಲಿ ಬಡ್ತಿ ತಪ್ಪಿತ್ತು. ಈ ವರ್ಷ ಅವಳೇ ಮುಂದಿದ್ದಳು, ಸಂದರ್ಶನ ಬರುವ ತಿಂಗಳಿತ್ತು.

ಕೋಲ್ಡ್ ರೂಮಿನಿಂದ ಅವಳು ಎರಡೆರಡು ಮೆಟ್ಟಿಲು ಹತ್ತಿ ತಂಗಾಳಿ ಮೇಷ್ಟ್ರ ಕೋಣೆಗೆ ಹೋದಳು. ಅವರು ಊಟದ ಡಬ್ಬಿ ಬಿಚ್ಚುತ್ತಿದ್ದರು. ಹದಿನೈದು ವರ್ಷ ಇಬ್ಬರೂ ಇದೇ ಮೇಜಿನ ಮೇಲೆ ಡಬ್ಬಿ ಬಿಚ್ಚಿ ಹಂಚಿಕೊಂಡು ತಿಂದವರು. ಅಂಕ ಬಂದ ಮೇಲೆ ಅದೂ ನಿಂತಿತ್ತು. ನಿಲ್ಲಿಸೋಣ ಎಂದು ಯಾರೂ ಹೇಳಿರಲಿಲ್ಲ. ಮೇಷ್ಟ್ರು ಯಾರ ಮೇಲೂ ದನಿ ಏರಿಸಿದವರಲ್ಲ, ಅದಕ್ಕೇ ಆ ಹೆಸರು. ಕೂತ್ಕೊಳಿ ಮೇಡಂ ಎಂದರು.

"ಕೂತ್ಕೊಳೋಕೆ ಬಂದಿಲ್ಲ. ಹಿಂದಿನ ಬಲಗಡೆ ಕಪಾಟು ಕೆಟ್ಟಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಎರಡು ವರ್ಷ ಆಯ್ತು."

ಇಲ್ಲ ಎನ್ನುತ್ತಾರೆ ಎಂದುಕೊಂಡು ಬಂದಿದ್ದಳು. ಅವಳ ದನಿ ಲೈಬ್ರರಿಯೇನು, ಹೊರಗಿನ ರಸ್ತೆಗೂ ಕೇಳಿಸಿರಬೇಕು. ಮನುಷ್ಯರಾ ನೀವು ಎಂದಳು. ಒಂದು ಹೆಣ್ಣುಮಗಳು ಮಗುವನ್ನು ಮನೆಯಲ್ಲಿ ಬಿಟ್ಟು ನಾಲ್ಕು ವರ್ಷ ಸವೆಸಿದ್ದು ನಿಮ್ಮ ಕಣ್ಣೆದುರೇ ಕೊಳೆಯಿತು, ದಿನಾ ಅದೇ ಕೋಣೆಗೆ ಹೋಗಿ ಬರುತ್ತಿದ್ದಿರಿ, ಅವಳು ಅಲ್ಲಿ ಲಕೋಟೆ ಜೋಡಿಸುವುದನ್ನು ನೋಡುತ್ತಿದ್ದಿರಿ, ನಿಮ್ಮ ಡಬ್ಬಿ ಮಾತ್ರ ಸುಖವಾಗಿರಲಿ ಎಂದು ಸುಮ್ಮನಿದ್ದಿರಿ ಎಂದಳು. ಕಾರಿಡಾರಿನಲ್ಲಿ ಬಾಗಿಲುಗಳು ಒಂದೊಂದಾಗಿ ತೆರೆದವು.

ಮೇಷ್ಟ್ರು ಅವಳ ಮಾತು ಮುಗಿಯುವವರೆಗೆ ಕಾದರು. ಆಮೇಲೆ ಕಂಪ್ಯೂಟರಿನಲ್ಲಿ ಏನೋ ಹುಡುಕಿ, ಪರದೆಯನ್ನು ಅವಳ ಕಡೆಗೆ ತಿರುಗಿಸಿದರು. ಹಂಚಿಕೆ ಪುಟದ ಸಾವಿರದ ನೂರ ನಲವತ್ತಮೂರನೆಯ ಸಂಗತಿ. ಕೋಲ್ಡ್ ರೂಮಿನಲ್ಲಿ ಉಷ್ಣಾಂಶದ ವ್ಯತ್ಯಾಸ, ಭಾಗ ಮೂರು. ಭಾಗ ಒಂದರಲ್ಲಿ ಕೋಲ್ಡ್ ರೂಮುಗಳ ಇತಿಹಾಸ, ಭಾಗ ಎರಡರಲ್ಲಿ ಥರ್ಮಾಮೀಟರಿನ ವರ್ಣನೆ, ಒಟ್ಟು ಆರು ಅಂಕ. ಭಾಗ ಮೂರರ ಕೊನೆಯ ಸಾಲು ನೆಟ್ಟಗಿತ್ತು: ಹಿಂದಿನ ಬಲಗಡೆಯ ಕಪಾಟಿನಲ್ಲಿ ಬೀಜ ಇಡಬಾರದು.

"ನಾನು ಹಂಚಿಕೊಂಡಿದ್ದೀನಿ ಮೇಡಂ. ಕೆಳಗೆ ನೋಡಿ."

ಕೆಳಗೆ ಒಪ್ಪಿಗೆ ಕೊಟ್ಟವರ ಹೆಸರಿತ್ತು. ಗುಡುಗಮ್ಮನದೇ. ಮೇಷ್ಟ್ರು ಡಬ್ಬಿ ಸಾಗಿಸಿದ ಅದೇ ವರ್ಷದ ಕೊನೆಯ ವಾರದ ಒಂದು ಮಧ್ಯಾಹ್ನ. ಓದಿದ್ದೇನೆ ಎಂಬ ಚೌಕದಲ್ಲಿ ಗುರುತು, ಬಹಳ ಉಪಯುಕ್ತ ಎಂಬ ಶಿಫಾರಸು. ಆ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನೆನಪಿತ್ತು. ವರ್ಷ ಮುಗಿಯುವುದರೊಳಗೆ ಅಂಕ ಸೇರಲಿ ಎಂದು, ಒಪ್ಪಿಗೆಗೆ ಬಿದ್ದಿದ್ದ ಮೂವತ್ತೆಂಟು ಸಂಗತಿಗಳನ್ನು ಹನ್ನೊಂದು ನಿಮಿಷದಲ್ಲಿ ಮುಗಿಸಿದ್ದಳು. ಕೈ ತೊಳೆಯುವುದು, ಮುಚ್ಚಳ ಹಾಕುವುದು, ಇದರಲ್ಲಿ ಓದುವುದೇನಿದೆ ಎಂದು ಒತ್ತುತ್ತಾ ಹೋಗಿದ್ದಳು. ಪಟ್ಟಿಯಲ್ಲಿ ಬಹಳ ಉಪಯುಕ್ತ ಎಂಬುದೇ ಮೊದಲು ಕಾಣುತ್ತಿತ್ತು, ಅದನ್ನೇ ಒತ್ತಿದ್ದಳು. ಹತ್ತೊಂಬತ್ತು ಅಂಕ ಬಂದಿತ್ತು.

"ನೀವೇ ಓದಿ ಒಪ್ಪಿದ್ದೀರಿ. ಆಮೇಲೂ ಅಲ್ಲೇ ಇಡಿಸಿದ್ರಿ. ಬಿಸಿ ತಡೆದುಕೊಳ್ಳೋ ಬೀಜ ಯಾವುದು ಅಂತ ಪರೀಕ್ಷೆ ಮಾಡ್ತಿದ್ದಾರೇನೋ ಅಂದ್ಕೊಂಡೆ," ಎಂದರು ಮೇಷ್ಟ್ರು.

ಗುಡುಗಮ್ಮ ಪರದೆಯಲ್ಲಿನ ತನ್ನ ಹೆಸರನ್ನು ಇನ್ನೊಮ್ಮೆ ಓದಿದಳು. ಆದರೂ ಒಂದು ಪ್ರಶ್ನೆ ಉಳಿದಿತ್ತು, ಅದನ್ನು ಮೆಲ್ಲಗೆ ಕೇಳಿದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಆ ಕೋಣೆ ಕೇಳಿರಲಿಲ್ಲ.

"ಬಾಯಲ್ಲಿ ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?"

ಒಪ್ಪಿಗೆ ಬರುವವರೆಗೆ ಹೇಳುವಂತಿರಲಿಲ್ಲ, ಹೇಳಿದರೆ ತಿಳಿದ ಸಂಗತಿಯಾಗಿ ಅಂಕ ಹೋಗುತ್ತಿತ್ತು ಎಂದರು. ಒಪ್ಪಿಗೆ ಬಂದ ಮೇಲೆ ಏನಾಗಿತ್ತು ಎಂದು ಕೇಳಿದಳು. ಮೇಷ್ಟ್ರು ಊಟದ ಡಬ್ಬಿಯ ಮುಚ್ಚಳವನ್ನು ಒಮ್ಮೆ ತೆಗೆದು ಮತ್ತೆ ಹಾಕಿದರು. ಅವರ ಕೈಕೆಳಗೂ ಒಬ್ಬ ವಿದ್ಯಾರ್ಥಿಯಿದ್ದ. ಅವನು, ಲಕೋಟೆ ಇಬ್ಬರಲ್ಲಿ ಯಾರು ಮೊದಲು ಡಾಕ್ಟರೇಟು ಮುಗಿಸುತ್ತಾರೋ ಅವರ ಮಾರ್ಗದರ್ಶಿಗೆ ಮೂವತ್ತು ಅಂಕ. ಅವರು ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಕೆಟ್ಟವರೇನಲ್ಲ ಅವರು. ಅವಳ ಅಮ್ಮ ಸತ್ತಾಗ ಆಸ್ಪತ್ರೆಯಿಂದ ಮನೆಯವರೆಗೆ ಜೊತೆಗಿದ್ದವರು. ಅದು ನೆನಪಾಗಿ ಗುಡುಗಮ್ಮನಿಗೆ ಇನ್ನೂ ಸಿಟ್ಟು ಬಂತು. ಕೆಟ್ಟವನಾಗಿದ್ದರೆ ಬೈದು ಕೈ ತೊಳೆದುಕೊಳ್ಳಬಹುದಿತ್ತು.

ಮಧ್ಯಾಹ್ನ ಮುಖ್ಯಸ್ಥರು ಕರೆಸಿದರು. ಗಲಾಟೆ ಅವರ ಕಿವಿಗೆ ಬಿದ್ದಿತ್ತು. ಲಕೋಟೆಗೆ ಇನ್ನೆರಡು ವರ್ಷ ಕಾಲಾವಕಾಶ ಕೊಡಿ, ಬೀಜವನ್ನು ಮತ್ತೆ ಕೂಡಿಸಬೇಕು ಎಂದು ಗುಡುಗಮ್ಮ ಕೇಳಿದಳು. ಮುಖ್ಯಸ್ಥರು ನಿಯಮ ಓದಿ ಹೇಳಿದರು. ತಪ್ಪು ವಿದ್ಯಾರ್ಥಿಯದಲ್ಲ ಎಂದು ಸಾಬೀತಾದರೆ ಮಾತ್ರ ಅವಕಾಶ. ಕೋಲ್ಡ್ ರೂಮಿನ ಎಚ್ಚರಿಕೆ ಹಂಚಿಕೆ ಪುಟದಲ್ಲಿದೆ, ಆದ್ದರಿಂದ ವಿಭಾಗದ ತಪ್ಪಿಲ್ಲ. ಇನ್ನು ಉಳಿದದ್ದು ಮಾರ್ಗದರ್ಶಿ. ಓದದೆ ಒಪ್ಪಿಗೆ ಕೊಟ್ಟೆ ಎಂದು ಅವಳು ಬರೆದುಕೊಟ್ಟರೆ ಹುಡುಗಿಗೆ ಎರಡು ವರ್ಷ ಸಿಗುತ್ತದೆ. ಆಗ ಅವಳು ಕೊಟ್ಟ ಒಪ್ಪಿಗೆಗಳೆಲ್ಲ ರದ್ದು, ಅಂಕಗಳೂ ರದ್ದು, ಬರುವ ತಿಂಗಳ ಸಂದರ್ಶನವೂ ಇಲ್ಲ.

"ಇನ್ನೊಂದು ದಾರಿ ಇದೆ," ಎಂದರು ಮುಖ್ಯಸ್ಥರು, ಕನ್ನಡಕ ಒರೆಸುತ್ತಾ. "ವಿದ್ಯಾರ್ಥಿನಿ ಬೀಜಾನ ಸರಿಯಾಗಿ ಒಣಗಿಸಿರಲಿಲ್ಲ ಅಂತ ಒಂದು ಸಾಲು ಬರೆದುಬಿಡಿ. ಯಾರ ಅಂಕಕ್ಕೂ ತೊಂದರೆ ಇಲ್ಲ. ಅವಳು ಇರೋ ಆರು ತಿಂಗಳಲ್ಲಿ ಏನಾದ್ರೂ ಚಿಕ್ಕದಾಗಿ ಮಾಡ್ಕೊಳ್ಳಲಿ. ಆಗದಿದ್ರೆ ಅವಳ ಹಣೆಬರಹ."

ಗುಡುಗಮ್ಮ ಅವರ ಮೇಲೆ ಹರಿಹಾಯಬೇಕಿತ್ತು. ಹಾಯಲಿಲ್ಲ. ಒಂದು ಗಳಿಗೆ, ಒಂದೇ ಗಳಿಗೆ, ಆ ಸಾಲು ಎಷ್ಟು ಸಣ್ಣದು ಎಂದು ಅವಳಿಗೆ ಅನ್ನಿಸಿತು. ಆಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಗಿ ಎದ್ದು ಬಂದಳು.

ಸಂಜೆ ಮನೆಯಲ್ಲಿ ಅಕ್ಕ ಬಟ್ಟೆ ಮಡಚುತ್ತಿದ್ದಳು. ಮೂವತ್ತೈದು ವರ್ಷ ನರ್ಸ್ ಆಗಿದ್ದು ನಿವೃತ್ತಳಾದವಳು, ಈಗಲೂ ಹಾಸಿಗೆಯ ಮೂಲೆಗಳನ್ನು ಆಸ್ಪತ್ರೆಯ ಹಾಗೇ ಮಡಚುತ್ತಾಳೆ. ಗುಡುಗಮ್ಮ ಬ್ಯಾಗು ಬಿಸಾಡಿ, ಮೊದಲಿನಿಂದ ಕೊನೆಯವರೆಗೆ ಎಲ್ಲ ಹೇಳಿದಳು. ತಂಗಾಳಿಯನ್ನು ಬೈದಳು, ಮುಖ್ಯಸ್ಥರನ್ನು ಬೈದಳು, ಅಂಕ ಕಂಡುಹಿಡಿದವರ ವಂಶವನ್ನೆಲ್ಲ ಜಾಲಾಡಿದಳು. ಅಕ್ಕ ಬಟ್ಟೆ ಮಡಚುತ್ತಲೇ ಕೇಳಿಸಿಕೊಂಡಳು.

"ನಾವು ಡ್ಯೂಟಿ ಬಿಟ್ಟುಕೊಡುವಾಗ ಬರೆದೂ ಇಡ್ತಿದ್ವಿ, ಮಂಚದ ಪಕ್ಕ ನಿಂತು ಬಾಯಲ್ಲೂ ಹೇಳ್ತಿದ್ವಿ," ಎಂದಳು ಕೊನೆಗೆ. "ಕೇಳಿಸಿಕೊಂಡವಳು ಅದನ್ನ ತಿರುಗಿ ಹೇಳ್ಬೇಕು. ಹೇಳೋವರೆಗೂ ನಾನು ಮನೆಗೆ ಹೋಗ್ತಿರಲಿಲ್ಲ."

"ನಿಮಗೆ ಅಂಕ ಕೊಡೋರು ಇರಲಿಲ್ವಲ್ಲ."

"ಇರಲಿಲ್ಲ. ರೋಗಿ ಇರ್ತಿದ್ದ." ಅಕ್ಕ ದಿಂಬಿನ ಚೀಲ ಕೊಡವಿದಳು. "ಆ ಹುಡುಗಿಗೆ ಯಾವಾಗ ಹೇಳ್ತೀಯ?"

ಗುಡುಗಮ್ಮ ಎದ್ದಳು. ಮೇಜಿನ ಮುಂದೆ ಕೂತು ಮುಖ್ಯಸ್ಥರಿಗೆ ಪತ್ರ ಬರೆದಳು. ಕಪಾಟು ಹೇಗೆ ಕೆಟ್ಟಿತ್ತು, ಎಚ್ಚರಿಕೆ ಎಲ್ಲಿತ್ತು, ತಾನು ಅದನ್ನು ಓದದೆ ಓದಿದ್ದೇನೆ ಎಂದು ಒತ್ತಿದ್ದು, ಆ ಕಪಾಟಿನಲ್ಲೇ ಇಡು ಎಂದು ಹುಡುಗಿಗೆ ಹೇಳಿದ್ದು, ಎಲ್ಲವನ್ನೂ ಬರೆದಳು. ಹನ್ನೊಂದು ವರ್ಷದ ಆಸೆ ಒಂದೂವರೆ ಪುಟದಲ್ಲಿ ಮುಗಿಯಿತು. ಕೆಳಗೆ ಸಹಿ ಹಾಕಿದಳು.

ಬೆಳಿಗ್ಗೆ ಅಟೆಂಡರ್ ಅಣ್ಣನ ಹತ್ತಿರ ಹಳೆಯ ಪುಸ್ತಕ ಎಲ್ಲಿದೆ ಎಂದು ಕೇಳಿದಳು. ಅವನು ತನ್ನ ಬೀರುವಿನಿಂದ ತೆಗೆದುಕೊಟ್ಟ, ದಾರದ ಸಮೇತ. ಬಿಸಾಡು ಎಂದಿದ್ದರು ಮೇಡಂ, ಮನಸ್ಸು ಬರಲಿಲ್ಲ ಎಂದ. ಗುಡುಗಮ್ಮ ಖಾಲಿ ಪುಟ ತೆಗೆದು ದೊಡ್ಡ ಅಕ್ಷರದಲ್ಲಿ ಬರೆದಳು: ಹಿಂದಿನ ಬಲಗಡೆಯ ಕಪಾಟಿನಲ್ಲಿ ಬೀಜ ಸಾಯುತ್ತದೆ. ಇದು ಎರಡು ವರ್ಷದ ಹಿಂದೆಯೇ ಗೊತ್ತಾಗಿತ್ತು. ನಾನು ಓದದೆ ಒಪ್ಪಿದೆ. ಕೆಳಗೆ ಹೆಸರು ಬರೆದು, ಪುಸ್ತಕವನ್ನು ತಾನೇ ಬಾಗಿಲಿಗೆ ಬಿಗಿಯಾಗಿ ಕಟ್ಟಿದಳು. ಮುಖ್ಯಸ್ಥರು ಬಿಚ್ಚಿಸಿದರೆ ಮತ್ತೆ ಕಟ್ಟುವುದೆಂದು ತೀರ್ಮಾನಿಸಿದ್ದಳು.

ಲಕೋಟೆ ಪ್ರಯೋಗಾಲಯದಲ್ಲಿ ಅದೇ ತಟ್ಟೆಗಳ ಮುಂದೆ ಕೂತಿದ್ದಳು. ಎದುರಿಗೆ ಕಂದು ಕಾಗದದ ರಾಶಿ. ಹನ್ನೆರಡನೆಯ ದಿನವಾದರೂ ಒಂದಾದರೂ ಮೊಳೆಯಬಹುದೇ ಎಂದು ತಟ್ಟೆ ಚೆಲ್ಲದೆ ಇಟ್ಟಿದ್ದಳು. ಗುಡುಗಮ್ಮ ಅವಳ ಎದುರು ಕೂತು, ಸುತ್ತಿ ಬಳಸದೆ ಎಲ್ಲ ಹೇಳಿದಳು. ತಂಗಾಳಿ ಮೇಷ್ಟ್ರ ಹೆಸರು ಬಂದಾಗ ಹುಡುಗಿಯ ಕೈ ಕಾಗದ ಮಡಚುತ್ತಲೇ ಇತ್ತು. ಒಪ್ಪಿಗೆ ಕೊಟ್ಟವರ ಹೆಸರು ಬಂದಾಗ ನಿಂತಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಕೈಗಳು ಸುಮ್ಮನಿದ್ದವು.

ಪತ್ರ ಕೊಟ್ಟಾಗ ಲಕೋಟೆ ಅದನ್ನು ಒಂದಕ್ಷರ ಬಿಡದೆ ಓದಿದಳು, ಮಡಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಇದನ್ನ ನಾನೇ ಆಫೀಸಿಗೆ ಕೊಟ್ಟು ಬರ್ತೀನಿ ಮೇಡಂ. ರಸೀದಿ ತಗೋತೀನಿ."

ನಂಬಿಕೆ ಹೋಯಿತು ಎಂದು ಹೇಳಬೇಕಾದುದನ್ನು ಅವಳು ಹೀಗೆ ಹೇಳಿದಳು. ಗುಡುಗಮ್ಮ ತಲೆಯಾಡಿಸಿದಳು. ಎರಡು ವರ್ಷ ಸಿಗುತ್ತದೆ, ತಾನೂ ಜೊತೆಗೆ ಬೆಟ್ಟಕ್ಕೆ ಬರುತ್ತೇನೆ, ಎಲ್ಲವನ್ನೂ ಮತ್ತೆ ಕೂಡಿಸೋಣ ಎಂದಳು.

"ಎಲ್ಲ ಆಗಲ್ಲ ಮೇಡಂ. ಮೂವತ್ತೊಂದಕ್ಕೆ ಬೆಟ್ಟಾನೇ ಇಲ್ಲ."

ಹುಡುಗಿ ತಟ್ಟೆಗಳ ಕಡೆ ನೋಡಿದಳು. ಆಮೇಲೆ, ಆ ಸಂಗತಿ ತೋರಿಸಿ ಎಂದಳು. ಗುಡುಗಮ್ಮ ಕಂಪ್ಯೂಟರಿನಲ್ಲಿ ಸಾವಿರದ ನೂರ ನಲವತ್ತಮೂರನ್ನು ತೆರೆದು ಪಕ್ಕಕ್ಕೆ ಸರಿದಳು. ಲಕೋಟೆ ಕೊರಳಿನ ಸ್ಟಾಪ್‌ವಾಚನ್ನು ಕೈಗೆ ತೆಗೆದುಕೊಂಡು ಗುಂಡಿ ಒತ್ತಿದಳು. ಓದತೊಡಗಿದಳು. ಅವಸರ ಮಾಡಲಿಲ್ಲ, ತುಟಿ ಅಲುಗಾಡಿಸುತ್ತಾ, ಒಂದೊಂದು ಸಾಲನ್ನೂ ಪಾಠ ಒಪ್ಪಿಸುವ ಮಕ್ಕಳ ಹಾಗೆ ನಿಧಾನವಾಗಿ ಓದಿದಳು. ಕೊನೆಯ ಸಾಲು ಮುಗಿದಾಗ ಗುಂಡಿ ಮತ್ತೆ ಒತ್ತಿ, ಸ್ಟಾಪ್‌ವಾಚನ್ನು ಕೊರಳಿನಿಂದ ಬಿಚ್ಚಿ ಮೇಜಿನ ಮೇಲೆ ಗುಡುಗಮ್ಮನ ಕಡೆಗೆ ಮುಖ ಮಾಡಿ ಇಟ್ಟಳು.

"ನಲವತ್ತೊಂದು ಸೆಕೆಂಡು ಮೇಡಂ," ಎಂದಳು.

ಆಮೇಲೆ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಕೊಂಡು ತೊಳೆಯಲು ಹೋದಳು. ನಲ್ಲಿಯ ನೀರು ಬೀಳುವ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು. ಗುಡುಗಮ್ಮ ಆ ಅಂಕಿಯ ಮುಂದೆ ಕೂತೇ ಇದ್ದಳು.